ಕುಮಾಸಿ ಮ್ಯಾಚಿಗೆ ಹೊರಟ ಶನಿವಾರ

ಮೂರನೇ ಸಲವೂ ಯಾರೋ ಸತ್ತಿದ್ದರು.

ಒಟೆಂಗ್ ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತ ರೀತಿ ನೋಡಿಯೇ ನನಗೆ ಗೊತ್ತಾಯಿತು. ಒಳ್ಳೆಯ ಸುದ್ದಿಯಿದ್ದರೆ ಅವನು ನೇರವಾಗಿ ಒಳಗೆ ಬಂದು, ಕಟಿಂಗ್ ಟೇಬಲ್ ಮೇಲೆ ಕೂತು, ನಾನು ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನೆಲ್ಲ ಮುದುಡಿಸುತ್ತಾನೆ. ಕೆಟ್ಟ ಸುದ್ದಿಯಿದ್ದರೆ ಹೊಸ್ತಿಲಲ್ಲೇ ನಿಂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ.

"ಯಾರು?" ಎಂದೆ, ಮಿಷನ್ ನಿಲ್ಲಿಸದೆ.

"ಅಮ್ಮನ ಚಿಕ್ಕಮ್ಮನ ಮಗ. ಸುನ್ಯಾನಿಯಲ್ಲಿದ್ರಲ್ಲ, ಅವ್ರು."

"ಯಾವಾಗ ಹೋದ್ರು?"

"ಎರಡು ತಿಂಗಳಾಯ್ತು."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನಮ್ಮ ಕಡೆ ಸತ್ತವರಿಗೆ ಅವಸರವಿಲ್ಲ. ಶವಾಗಾರದ ಐಸಿನಲ್ಲಿ ಎರಡು ತಿಂಗಳು, ಮೂರು ತಿಂಗಳು ಮಲಗಿರುತ್ತಾರೆ. ಮನೆತನದ ಹಿರಿಯರು ಸಭೆ ಸೇರಿ, ಗಂಟೆಗಟ್ಟಲೆ ಮಾತಾಡಿ, ಮಣ್ಣು ಮಾಡಲು ಯಾವುದೋ ಒಂದು ಶನಿವಾರ ಗೊತ್ತು ಮಾಡುತ್ತಾರೆ. ಎರಡು ತಿಂಗಳು ಕಾದವರು ಇನ್ನೊಂದು ವಾರ ಕಾದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಒಟೆಂಗ್‌ನ ಸೋದರಮಾವ ಡೊಂಕೋರ್, ಅವರೇ ಆ ಮನೆತನಕ್ಕೆ ಯಜಮಾನರು, ವರ್ಷದ ಐವತ್ತೆರಡು ಶನಿವಾರಗಳಲ್ಲಿ ನಾವು ಮ್ಯಾಚಿಗೆಂದು ಆರಿಸಿಟ್ಟ ಶನಿವಾರವನ್ನೇ ಹೆಕ್ಕಿ ತೆಗೆಯುತ್ತಿದ್ದರು. ಆ ಸಭೆಯಲ್ಲಿ ಒಟೆಂಗ್ ಕೂಡ ಇರುತ್ತಿದ್ದ. ಇದ್ದು ಸುಮ್ಮನಿರುತ್ತಿದ್ದ.

"ಒಂದು ಮಾತು ಹೇಳೋಕೆ ನಿಂಗೇನಾಗಿತ್ತು? ಆ ಶನಿವಾರ ಬೇಡ ಮಾವ, ಅಂತ?"

"ಮಾವ ಮಾತಾಡ್ತಿರೋವಾಗ ನಾನು ಹ್ಯಾಗೆ ಬಾಯಿ ಹಾಕ್ಲಿ, ಪೊಕುವಾ? ಕಿರಿಯೋನು ನಾನು."

"ಮೂವತ್ತು ವರ್ಷದ ಕಿರಿಯ!"

ಅವನು ನಕ್ಕ. ನನಗೆ ನಗು ಬರಲಿಲ್ಲ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ತುಂಬಿದರೆ ಸೂಜಿಯ ಕಣ್ಣು ಕಾಣುವುದಿಲ್ಲ ಎಂದು ಆಗ ತಿಳಿಯಿತು.

ಫುಟ್‌ಬಾಲ್ ಹುಚ್ಚು ಅವನದಲ್ಲ, ನನ್ನದು. ನಮ್ಮ ಟೀಮು ಒಸೆಬೊ, ಕೆಂಪು-ಕಪ್ಪು ಜೆರ್ಸಿಯದು. ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದರು, ನಾನು ಅವರ ಮೊಣಕಾಲಿಗೆ ಒರಗಿ ಕೂರುತ್ತಿದ್ದೆ. ದೊಡ್ಡವಳಾದ ಮೇಲೆ ಮಾರ್ಕೆಟ್ ಹಿಂದಿನ ಟಿವಿ ಶೆಡ್ಡಿನಲ್ಲಿ ಗಂಡಸರ ನಡುವೆ ಕೂತು ನೋಡಿದೆ. ಆದರೆ ಇಪ್ಪತ್ತೇಳು ವರ್ಷವಾದರೂ ಒಂದೇ ಒಂದು ಮ್ಯಾಚನ್ನು ಕಣ್ಣೆದುರು ನೋಡಿರಲಿಲ್ಲ. ವೆಂಚಿಯಿಂದ ಕುಮಾಸಿಗೆ ಮೂರು ಗಂಟೆ ದಾರಿ. ಒಬ್ಬಳೇ ಹೋಗಬಹುದಿತ್ತು, ನಿಜ. ಆದರೆ ಮೊದಲ ಮ್ಯಾಚನ್ನು ಅವನ ಪಕ್ಕದಲ್ಲಿ ಕೂತು ನೋಡಬೇಕು ಎಂಬ ಆಸೆ ನನ್ನನ್ನು ಕಟ್ಟಿಹಾಕಿತ್ತು. ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಇಷ್ಟೇ.

ಒಟೆಂಗ್ ಫ್ರಿಜ್ ರಿಪೇರಿ ಮಾಡುವವನು. ನನ್ನ ಅಂಗಡಿಯ ಫ್ರಿಜ್ ಕೆಟ್ಟು ಅವನು ಬಂದ ಮಧ್ಯಾಹ್ನ ರೇಡಿಯೋದಲ್ಲಿ ಮ್ಯಾಚು ಬರುತ್ತಿತ್ತು. "ಅದೇನು ಆಫ್‌ಸೈಡು ಅಂತ ಅರಚ್ಕೊಳ್ತಿದ್ದಾರೆ?" ಎಂದು ಕೇಳಿದ. ನಾನು ಟೇಬಲ್ ಮೇಲೆ ಕೆಂಪು ಗುಂಡಿ, ಬಿಳಿ ಗುಂಡಿ ಜೋಡಿಸಿ ಅರ್ಧ ಗಂಟೆ ವಿವರಿಸಿದೆ. ಕೊನೆಗೆ ತಲೆಯೆತ್ತಿದರೆ ಆಸಾಮಿ ಗುಂಡಿಗಳನ್ನು ನೋಡುತ್ತಲೇ ಇರಲಿಲ್ಲ. "ಅರ್ಥ ಆಯ್ತಾ?" ಎಂದೆ. "ಇಲ್ಲ. ನಾಳೆ ಬರ್ಲಾ, ಇನ್ನೊಂದ್ಸಲ ಹೇಳ್ಕೊಡೋಕೆ?" ಎಂದ. ಫ್ರಿಜ್ ಆವತ್ತೇ ಸರಿಹೋಗಿತ್ತು, ಆದರೂ ಒಂದು ವಾರ ಬಂದ.

ಅಂಥವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಿ? ಆದರೆ ಆ ದಿನ ಮಾಡಿದೆ.

"ಕೇಳು. ಮುಂದಿನ ತಿಂಗಳು ಹದಿನಾಲ್ಕು, ಶನಿವಾರ, ಅಕ್ರಾ ಟೀಮಿನ ಜೊತೆ ಕೊನೇ ಮ್ಯಾಚು. ಗೆದ್ದೋರಿಗೆ ಕಪ್. ಅದಾದ ಮೇಲೆ ನಿಮ್ಮ ಮನೆಯೋರು ನಮ್ಮನೆ ಬಾಗಿಲು ತಟ್ಟೋಕೆ ಬರ್ಬೇಕು ಅಂತಿದ್ದಾರಲ್ಲ?"

"ಹೂಂ." ಬಾಗಿಲು ತಟ್ಟುವುದೆಂದರೆ ಗಂಡಿನ ಕಡೆಯ ಹಿರಿಯರು ಪಾನೀಯದ ಬಾಟಲಿ ಹಿಡಿದು ಹೆಣ್ಣು ಕೇಳಲು ಬರುವ ಶಾಸ್ತ್ರ. ಆ ಮಾತು ಬಂದರೆ ಸಾಕು, ಒಟೆಂಗ್‌ನ ಮುಖ ಬೆಳಗುತ್ತದೆ.

"ಈ ಮ್ಯಾಚೂ ತಪ್ಪಿದ್ರೆ ಬರೋದು ಬೇಡ ಅನ್ನು."

"ಒಂದು ಮ್ಯಾಚಿಗೋಸ್ಕರ?"

"ಮ್ಯಾಚಿಗೋಸ್ಕರ ಅಲ್ಲ. ನನಗೋಸ್ಕರ ಯಾರಿಗೂ ಒಂದ್ಸಲಾನೂ 'ಆಗಲ್ಲ' ಅನ್ನದೋನ ಜೊತೆ ಹ್ಯಾಗೆ ಬಾಳ್ಲಿ ನಾನು? ನಾಳೆ ಮಾವ ಬಂದು, ನಿನ್ನ ಹೆಂಡ್ತೀನ ತವರಿಗೆ ಕಳ್ಸು ಅಂದ್ರೆ ಆವಾಗ್ಲೂ ಚಪ್ಪಲಿ ನೋಡ್ಕೊಂಡು ನಿಂತಿರ್ತೀಯ!"

ಅವನ ಬೆಳಗಿದ ಮುಖ ಆರಿತು. ಒಳಗೆ ಬಂದು, ಮಿಷನ್ ಮೇಲಿದ್ದ ನನ್ನ ಕೈ ಮೇಲೆ ಕೈಯಿಟ್ಟು, "ಹದಿನಾಲ್ಕು. ಏನೇ ಆಗ್ಲಿ," ಎಂದ.

ಮುಂದಿನ ವಾರಗಳಲ್ಲಿ ಆ ಮನುಷ್ಯನ ಉತ್ಸಾಹ ನೋಡಬೇಕಿತ್ತು. ಅಭಿಮಾನಿ ಸಂಘದ ಬಸ್ಸಿನಲ್ಲಿ ಎರಡು ಸೀಟು ಹಿಡಿದ. ಸಂಘದ ಕಾರ್ಯದರ್ಶಿಗೆ ದಿನಕ್ಕೆರಡು ಸಲ ಫೋನು. ಛತ್ರಿ ಬಿಡ್ತಾರಾ? ಊಟ ಕಟ್ಕೊಂಡು ಬರ್ಬಹುದಾ? ಬಿಸಿಲು ಯಾವ ಕಡೆಯಿಂದ ಬೀಳುತ್ತೆ? ಆಟಗಾರರ ಹೆಸರನ್ನೂ ಬಾಯಿಪಾಠ ಮಾಡಿದ್ದ, ಎಲ್ಲ ತಪ್ಪು. ನಮ್ಮ ಗೋಲ್‌ಕೀಪರನ್ನು ಸೆಂಟರ್ ಫಾರ್ವರ್ಡ್ ಮಾಡಿದ್ದ.

"ಅವನು ಅಲ್ಲಿಂದ ಓಡಿ ಬಂದು ಗೋಲು ಹೊಡೀಬೇಕಾ?"

"ಓಡ್ಲಿ ಬಿಡು, ಪಾಪ. ಸುಮ್ನೆ ನಿಂತು ನಿಂತು ಬೇಜಾರಾಗಿರುತ್ತೆ," ಎಂದು ಓರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದ, ನಗುತ್ತೇನೋ ಇಲ್ಲವೋ ಎಂದು.

ಹೀಗಿರುವಾಗ ಒಂದು ಮಂಗಳವಾರ ಅವನ ದೊಡ್ಡಮ್ಮ ದೊಡ್ಡದೊಂದು ಬಟ್ಟೆಯ ಗಂಟು ತಂದು ನನ್ನ ಟೇಬಲ್ ಮೇಲೆ ಇಳಿಸಿದರು. ಬಿಚ್ಚಿದರೆ ಕೆಂಪು-ಕಪ್ಪು ಬಟ್ಟೆ. ನಮ್ಮ ಕಡೆ ಸಾವಿಗೆ ಹಾಕುವ ಬಣ್ಣ, ಸಾವಿನ ಬಟ್ಟೆ.

"ಎಂಟು ಜನದ್ದು ಕಣಮ್ಮ. ಹದಿನಾಲ್ಕನೇ ತಾರೀಕು, ಶನಿವಾರಕ್ಕೆ. ನಮ್ಮ ದೊಡ್ಡಜ್ಜಿದು. ಒಟೆಂಗ್ ಹೇಳಿರ್ಬೇಕಲ್ಲ?"

ಒಟೆಂಗ್ ಹೇಳಿರಲಿಲ್ಲ. ನಾನು ಟೇಪು ತೆಗೆದುಕೊಂಡು ಅವರ ಅಳತೆ ತೆಗೆಯಲು ನಿಂತೆ.

"ಅಯ್ಯೋ, ಉಸಿರು ಕಟ್ತಿದೆ ಕಣೇ! ಟೇಪು ಸಡಿಲ ಬಿಡೇ!"

"ಕ್ಷಮಿಸಿ ದೊಡ್ಡಮ್ಮ," ಎಂದೆ. ಕ್ಷಮೆ ಕೇಳಬೇಕಾದವನು ಸಂಜೆ ಬಂದ. ನಾನು ಅವನ ಕಡೆ ನೋಡದೆ ಅವನ ವಂಶದವರ ಬಟ್ಟೆಯನ್ನೇ ಕತ್ತರಿಸುತ್ತಿದ್ದೆ.

"ಮಾವಂಗೆ ಹೇಳ್ದೆ," ಎಂದ. "ನಾನು ಬರಲ್ಲ, ಮ್ಯಾಚಿಗೆ ಹೋಗ್ತೀನಿ ಅಂತ."

ಕತ್ತರಿ ನಿಂತಿತು. "ನಿಜವಾಗ್ಲೂ?"

"ನಿಜವಾಗ್ಲೂ."

ಮಾತಾಡುವಾಗ ಅವನ ಕಣ್ಣು ಬಟ್ಟೆಯ ಮೇಲಿತ್ತು, ನನ್ನ ಮೇಲಿರಲಿಲ್ಲ. ಅದನ್ನು ನೋಡಿದೆ, ಆದರೆ ನೋಡಿದ್ದನ್ನು ನಂಬಲು ಮನಸ್ಸಾಗಲಿಲ್ಲ. ಸಂತೋಷಕ್ಕೆ ಎಂಟು ಉಡುಪನ್ನೂ ಐದೇ ದಿನದಲ್ಲಿ ಹೊಲಿದುಕೊಟ್ಟೆ. ನಮ್ಮಿಬ್ಬರಿಗೂ ಕೆಂಪು-ಕಪ್ಪಿನಲ್ಲೇ ಹೊಲಿದೆ, ನನಗೊಂದು ಗೌನು, ಅವನಿಗೊಂದು ಶರ್ಟು. ನಮ್ಮ ಟೀಮಿನ ಬಣ್ಣವಲ್ಲವೇ?

ಶನಿವಾರ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಕಾರ್ಯದರ್ಶಿ ಹೇಳಿದ್ದು ಇಷ್ಟೇ: ಗೇಟಿನ ಹತ್ತಿರ ಬಸ್ಸಿರುತ್ತೆ, ಕೆಂಪು-ಕಪ್ಪು ಹಾಕಿಕೊಂಡವರೆಲ್ಲ ಹತ್ತುತ್ತಿರುತ್ತಾರೆ. ಸರಿ, ಗೇಟಿನ ಹತ್ತಿರ ಬಸ್ಸಿತ್ತು. ಕೆಂಪು-ಕಪ್ಪು ಹಾಕಿಕೊಂಡವರು ಹತ್ತುತ್ತಿದ್ದರು. ಬಾಗಿಲಲ್ಲಿದ್ದ ದೊಡ್ಡ ಮನುಷ್ಯ ನಮ್ಮಿಬ್ಬರ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ ಮಕ್ಕಳೇ, ಹಿಂದೆ ಎರಡು ಸೀಟಿದೆ," ಎಂದ.

ಕಿಟಕಿ ಪಕ್ಕ ನಾನು, ನಡುವೆ ಒಟೆಂಗ್, ಆಚೆ ಒಬ್ಬ ಅಜ್ಜಿ. ಸುಟ್ಟ ಬಾಳೆಕಾಯಿ, ಕಡಲೆಕಾಯಿ ಬೀಜದ ಪೊಟ್ಟಣ ನನ್ನ ತೊಡೆಯ ಮೇಲೆ. ಬಸ್ಸು ಹೊರಟಾಗ ಅವನ ಭುಜ ನನ್ನ ಭುಜಕ್ಕೆ ತಾಗಿತು. ಅವನೂ ತೆಗೆಯಲಿಲ್ಲ, ನಾನೂ ಸರಿಯಲಿಲ್ಲ. "ನಾಲ್ಕನೇ ಸಲಕ್ಕೆ ಹೊರಟ್ವಿ," ಎಂದ ಮೆಲ್ಲಗೆ. ಟೆಚಿಮಾನ್ ಬರುವಷ್ಟರಲ್ಲಿ ಅವನ ತಲೆ ನನ್ನ ಹೆಗಲ ಮೇಲಿತ್ತು. ನನಗೂ ಮಂಪರು.

ಎಚ್ಚರವಾದಾಗ ಬಸ್ಸಿನಲ್ಲಿ ಯಾರೋ ಪ್ರಾರ್ಥನೆಯ ಹಾಡು ಹೇಳುತ್ತಿದ್ದರು. ನಿಧಾನವಾದ ದುಃಖದ ಹಾಡು. ಹೋದ ವಾರ ನಮ್ಮ ಟೀಮು ಎರಡು ಗೋಲಿನಿಂದ ಸೋತಿತ್ತು, ನಿಜ, ಆದರೂ ಅಭಿಮಾನಿಗಳು ಇಷ್ಟು ಕುಗ್ಗಬೇಕೇ? ಆಚೆಯ ಅಜ್ಜಿ ಒಟೆಂಗ್‌ನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು.

"ಅಳ್ಬೇಡಿ ಅಜ್ಜಿ," ಎಂದೆ. "ಇವತ್ತು ಗೆಲ್ತೀವಿ ಬಿಡಿ."

ಅಜ್ಜಿ ಕೈ ಬಿಟ್ಟಳು. ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ. ಟಾರು ರಸ್ತೆ ಇರಲಿಲ್ಲ. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಗೇರು ತೋಟ.

ಒಂಬತ್ತು ವರ್ಷದಿಂದ ಸಾವಿನ ಬಟ್ಟೆ ಹೊಲಿಯುವವಳು ನಾನು. ಶನಿವಾರ ಬೆಳಗ್ಗೆ ಕೆಂಪು-ಕಪ್ಪು ಹಾಕಿಕೊಂಡ ಬಸ್ಸು ತುಂಬ ಜನ ಎಲ್ಲಿಗೆ ಹೋಗುತ್ತಾರೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ತಲೆ ಚಚ್ಚಿಕೊಳ್ಳುವಂತಾಯಿತು.

"ಏಳೋ," ಎಂದು ಅವನನ್ನು ತಿವಿದೆ. "ಸಾವಿನ ಮನೆಗೆ ಹೋಗ್ತಿದ್ದೀವಿ."

"ಯಾರ್ದು?" ಎಂದ, ನಿದ್ದೆಗಣ್ಣಲ್ಲಿ, ಗಾಬರಿಯಿಂದ. "ನಮ್ದಾ?"

ಸತ್ತವರು ಆ ಹಳ್ಳಿಯ ನಿವೃತ್ತ ಮೇಷ್ಟ್ರು. ಒಳ್ಳೆಯವರಂತೆ. ಸಾಲಾಗಿ ಕೂತ ಬಂಧುಗಳ ಕೈ ಕುಲುಕದೆ ಯಾರೂ ಮುಂದೆ ಹೋಗುವಂತಿರಲಿಲ್ಲ, ಅರವತ್ತು ಕೈ ಕುಲುಕಿದೆ. ಎಂಟೂವರೆ ಗಂಟೆ. ಮ್ಯಾಚು ಮೂರಕ್ಕೆ. ಇನ್ನೂ ಸಮಯವಿದೆ, ಏನಾದರೂ ಗಾಡಿ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ರಸ್ತೆಯ ತನಕ ಹೋಗಿ ನೋಡಿ ಬಂದೆ. ಶನಿವಾರ. ಇದ್ದಬದ್ದ ಗಾಡಿಗಳೆಲ್ಲ ಒಂದಲ್ಲ ಒಂದು ಸಾವಿಗೆ ಬಾಡಿಗೆ ಹೋಗಿದ್ದವು. ನಮ್ಮ ಬಸ್ಸು ಸಂಜೆಗೆ ಮೊದಲು ಹೊರಡುವುದಿಲ್ಲವೆಂದು ಡ್ರೈವರ್ ಹೇಳಿದ.

ಯಾರಲ್ಲಾದರೂ ಕೇಳೋಣವೆಂದು ಒಟೆಂಗ್‌ನನ್ನು ಹುಡುಕಿದೆ. ಅವನು ಅಂಗಳದ ನಡುವೆ ಶಾಮಿಯಾನದ ಕಂಬ ಹಿಡಿದು ನಿಂತಿದ್ದ.

"ಏನೋ ಮಾಡ್ತಿದ್ದೀಯ?"

"ಆ ಯಜಮಾನ್ರು ಹಿಡ್ಕೋ ಅಂದ್ರು."

"ಅವ್ರು ಯಾರು ನಿಂಗೆ?"

"ದೊಡ್ಡೋರು, ಪೊಕುವಾ. ಹ್ಯಾಗೆ ಆಗಲ್ಲ ಅನ್ಲಿ? ಇದೊಂದು ನಿಲ್ಲಿಸಿ ಬಂದೆ."

ಒಂದು ಎರಡಾಯಿತು, ಎರಡು ಆರಾಯಿತು. ಆಮೇಲೆ ಕುರ್ಚಿ. ಆಮೇಲೆ ಸ್ಪೀಕರು. ನಾನು ಮಾವಿನ ಮರದ ಕೆಳಗೆ ಕೂತು, ನನ್ನ ಗಂಡನಾಗಬೇಕಾದವನು ಗುರುತಿಲ್ಲದವರ ಸಾವಿಗೆ ಬೆವರು ಸುರಿಸುವುದನ್ನು ನೋಡಿದೆ. ಹನ್ನೊಂದಾಯಿತು. ಎದ್ದು ಅವನ ಹತ್ತಿರ ಹೋದೆ.

"ಫೋನು ಕೊಡು. ಕಾರ್ಯದರ್ಶಿಗಾದ್ರೂ ಮಾಡ್ತೀನಿ."

"ಅದು... ಆಫ್ ಮಾಡಿಟ್ಟಿದ್ದೀನಿ."

"ಯಾಕೆ?"

ಅವನು ಕಂಬದ ಬುಡ ನೋಡಿದ. ನಾನು ಅವನ ಜೇಬಿಗೆ ಕೈ ಹಾಕಿ ಫೋನು ತೆಗೆದು ಆನ್ ಮಾಡಿದೆ. ಡೊಂಕೋರ್ ಮಾವ, ಹತ್ತೊಂಬತ್ತು ಮಿಸ್ಡ್ ಕಾಲ್.

"ನೀನು ಅವ್ರಿಗೆ ಹೇಳೇ ಇಲ್ಲ."

"ಹೇಳೋಕೆ ಅಂತ ಮೂರ್ಸಲ ಹೋದೆ. ಆಗ್ಲಿಲ್ಲ."

"ಮತ್ತೆ ನಂಗೆ ಹೇಳಿದ್ದು?"

"ನೀನು ಬಿಟ್ಟೋಗ್ತೀಯ ಅಂತ ಹೆದರಿಕೆ ಆಯ್ತು."

ಸಿಟ್ಟಿನಲ್ಲಿ ಅಳು ಬರಬಾರದು, ಆದರೆ ಬಂತು. "ಅವ್ರಿಗೂ ಹೆದರ್ತೀಯ, ನನಗೂ ಹೆದರ್ತೀಯ, ಗೊತ್ತಿಲ್ದೋರ ಶಾಮಿಯಾನಕ್ಕೂ ಹೆದರ್ತೀಯ. ಇದ್ರಲ್ಲಿ ನಾನು ಪ್ರೀತಿ ಮಾಡಿದ ಮನುಷ್ಯ ಎಲ್ಲಿದ್ದಾನೆ ಒಟೆಂಗ್? ಸಾಕು. ಬಾಗಿಲು ತಟ್ಟೋಕೆ ಬರ್ಬೇಡಿ." ತಿರುಗಿ ನಡೆಯುವಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಮತ್ತೆ ಮಾವ.

ಒಟೆಂಗ್ ಓಡಿ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡ. ಆಫ್ ಮಾಡುತ್ತಾನೆಂದುಕೊಂಡೆ. ಕಿವಿಗಿಟ್ಟ. ಆ ಹಳೆಯ ಫೋನಿನಲ್ಲಿ ಆ ಕಡೆಯ ಮಾತು ಸುತ್ತಲಿನವರಿಗೆಲ್ಲ ಕೇಳಿಸುತ್ತದೆ.

"ಎಲ್ಲಿ ಹಾಳಾಗಿ ಹೋಗಿದ್ದೀಯೋ? ಇಲ್ಲಿ ಶಾಮಿಯಾನ ಯಾರು ಕಟ್ಟೋದು?"

"ನಾನು ಬರಲ್ಲ ಮಾವ." ಎಂದ ಒಟೆಂಗ್. "ಪೊಕುವಾ ಜೊತೆ ಮ್ಯಾಚಿಗೆ ಹೋಗ್ತಿದ್ದೀನಿ."

"ದೊಡ್ಡಜ್ಜಿ ಮಣ್ಣಿಗಿಂತ ಚೆಂಡು ಹೆಚ್ಚಾಯ್ತಾ?"

"ಚೆಂಡಲ್ಲ ಮಾವ. ಅವಳಿಗೆ ಮಾತು ಕೊಟ್ಟಿದ್ದೆ. ಮೂರ್ಸಲ ಮುರ್ದಿದ್ದೀನಿ. ನಿಮ್ಗೆ ಮೊದಲೇ ಹೇಳ್ದೆ ಇದ್ದಿದ್ದು ನನ್ನ ತಪ್ಪು. ದಂಡ ಏನು ಹಾಕ್ತೀರೋ ಹಾಕಿ."

"ಹಾಕ್ತೀನಿ. ಅವಳ ಮನೆ ಬಾಗಿಲು ತಟ್ಟೋಕೆ ನಮ್ಮ ಮನೆತನದಿಂದ ಒಬ್ರೂ ಬರಲ್ಲ."

ಒಟೆಂಗ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಹಾಗಾದ್ರೆ ನಾನೊಬ್ನೇ ಹೋಗಿ ತಟ್ತೀನಿ ಮಾವ," ಎಂದು ಫೋನು ಇಟ್ಟ.

ನಮ್ಮಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದವನಂತೆ ಒಬ್ಬನೇ ಬಂದು ಹೆಣ್ಣು ಕೇಳುವುದೆಂದರೆ ಊರ ಬಾಯಿಗೆ ಬಿದ್ದಂತೆ. ಅವನಿಗೆ ಅದು ಗೊತ್ತಿತ್ತು. ನನ್ನ ಕಡೆ ನೋಡದೆ ನೇರ ಶಾಮಿಯಾನದ ಯಜಮಾನರ ಮುಂದೆ ಹೋಗಿ ಕೈ ಮುಗಿದ. "ಅಪ್ಪಾರೇ, ನಾವು ನಿಮ್ಮೋರಲ್ಲ. ತಪ್ಪು ಬಸ್ಸು ಹತ್ತಿದ್ವಿ. ಮೇಷ್ಟ್ರ ಆತ್ಮಕ್ಕೆ ಶಾಂತಿ ಸಿಗ್ಲಿ. ನಾವು ಕುಮಾಸಿಗೆ ಮ್ಯಾಚಿಗೆ ಹೋಗ್ಬೇಕು. ಇನ್ನು ಕಂಬ ಎತ್ತೋಕೆ ನನ್ನಿಂದಾಗಲ್ಲ."

ಯಜಮಾನರು ಬಾಯಿ ತೆರೆದರು. "ಇದನ್ನ ಬೆಳಗ್ಗೆನೇ ಹೇಳೋಕೆ ಏನಾಗಿತ್ತಪ್ಪ? ಬಾಳೆಕಾಯಿ ಲಾರಿ ಒಂದು ಮುಂದಿನ ಸೀಟು ಖಾಲಿ ಇಟ್ಕೊಂಡೇ ಕುಮಾಸಿಗೆ ಹೋಯ್ತಲ್ಲ, ಹತ್ತು ಗಂಟೆಗೆ!"

ನಾನು ನೆಲಕ್ಕೆ ಕುಸಿದು ಕೂತೆ.

ಮುಂದಿನ ಲಾರಿ ಬಂದಾಗ ಹನ್ನೆರಡೂವರೆ. ಮುಂದೆ ಜಾಗವಿರಲಿಲ್ಲ, ಹಿಂದೆ ಬಾಳೆಗೊನೆಗಳ ಮೇಲೆ ಕೂತೆವು. ನಾನು ಅವನಿಗೆ ಬೆನ್ನು ತಿರುಗಿಸಿದೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಅವನು ನನ್ನ ತಲೆ ಲಾರಿಯ ಹಲಗೆಗೆ ಬಡಿಯದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಏಳೆಂಟು ಸಲ ಬಡಿದು ಆ ಕೈ ಊದಿಕೊಂಡಿತ್ತು. ಬೇಡ ಎನ್ನಬೇಕೆನಿಸಿತು, ಅನ್ನಲಿಲ್ಲ. ಸುಳ್ಳು ಹೇಳಿದ್ದು ಇನ್ನೂ ಚುಚ್ಚುತ್ತಿತ್ತು. ಮೂರು ಗಂಟೆಗೆ ನಾವಿನ್ನೂ ಆಫಿನ್ಸೋ ದಾಟಿರಲಿಲ್ಲ. ಕುಮಾಸಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತೇಬಿಟ್ಟೆವು. ಕೊನೆಗೆ ಇಳಿದು ಓಡಿದೆವು.

ಸ್ಟೇಡಿಯಂ ಒಳಗೆ ಕಾಲಿಟ್ಟಾಗ ಇಪ್ಪತ್ತು ನಿಮಿಷದ ಆಟ ಉಳಿದಿತ್ತು. ಸೊನ್ನೆ, ಸೊನ್ನೆ.

ಮೆಟ್ಟಿಲ ಮೇಲೆ ನಾನು ನಿಂತುಬಿಟ್ಟೆ. ಆ ಹಸಿರು! ಅಷ್ಟು ದೊಡ್ಡದಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಜನ, ಆ ಡೋಲು, ಒದ್ದ ಚೆಂಡಿನ ಸದ್ದು ಕಾಲಿಗೂ ಚೆಂಡಿಗೂ ನಡುವಿನಿಂದ ನೇರ ನನ್ನ ಕಿವಿಗೆ ಬರುವುದು! ಕಣ್ಣು ತುಂಬಿ ಬಂತು. ಜಾಗ ಹುಡುಕಿ ಕೂತೆವು. ನಮ್ಮ ಏಳನೇ ನಂಬರಿನವನು ಎಡಗಡೆಯಿಂದ ಚೆಂಡು ಹಿಡಿದು ನುಗ್ಗಿದ. ನಾನು ಎದ್ದು ನಿಂತೆ.

"ಪೊಕುವಾ," ಎಂದ ಒಟೆಂಗ್.

"ಆಮೇಲೆ!"

"ಒಬ್ನೇ ಬಂದು ತಟ್ಟಿದ್ರೆ ಬಾಗಿಲು ತೆಗೀತೀಯಾ?"

ಅವನ ದನಿ ಹೇಗಿತ್ತೆಂದರೆ, ತಿರುಗದೆ ಇರಲು ಆಗಲಿಲ್ಲ. ತಿರುಗಿದೆ. ಬೆವರು, ಕೆಂಪು ಧೂಳು, ತಲೆಯಲ್ಲೊಂದು ಒಣಗಿದ ಬಾಳೆ ಎಲೆಯ ಚೂರು. ಆ ಕಣ್ಣು ಈಗ ಚಪ್ಪಲಿಯನ್ನೂ ನೋಡುತ್ತಿರಲಿಲ್ಲ, ಬಟ್ಟೆಯನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಇಡೀ ಸ್ಟೇಡಿಯಂ ಎದ್ದು ಅರಚಿತು.

ನಾನು ಗರ್ರನೆ ತಿರುಗಿದೆ. ಚೆಂಡು ಬಲೆಯೊಳಗಿತ್ತು. ಏಳನೇ ನಂಬರಿನವನು ನೆಲದ ಮೇಲೆ, ಅವನ ಮೇಲೆ ಉಳಿದವರೆಲ್ಲ.

"ಏನಾಯ್ತು? ಹ್ಯಾಗೆ ಹೊಡ್ದ? ಇನ್ನೊಂದ್ಸಲ ತೋರಿಸ್ತಾರಾ?" ಎಂದು ಪಕ್ಕದಲ್ಲಿ ಕುಣಿಯುತ್ತಿದ್ದವನನ್ನು ಹಿಡಿದು ಕೇಳಿದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಇದು ಟಿವಿ ಅಲ್ಲ ತಂಗಿ."

ಎರಡೂ ಮುಷ್ಟಿ ಕಟ್ಟಿ ಒಟೆಂಗ್‌ನ ಎದೆಗೆ ಗುದ್ದಿದೆ. "ನಾಲ್ಕು ಸಾವು! ಅರವತ್ತು ಕೈ! ಮೂರೂವರೆ ಗಂಟೆ ಬಾಳೆಗೊನೆ ಮೇಲೆ! ಇದ್ದಿದ್ದೊಂದು ಗೋಲು, ಅದೂ ಹೋಯ್ತು! ಕೇಳೋಕೆ ನಿಂಗೆ ಇದೇ ಹೊತ್ತು ಬೇಕಿತ್ತಾ?"

"ಉತ್ತರ ಹೇಳು," ಎಂದ, ಗುದ್ದು ತಿನ್ನುತ್ತಲೇ.

"ತೆಗೀತೀನಿ! ತೆಗೀತೀನಿ ಕಣೋ ಕತ್ತೆ! ಒಬ್ನೇ ಬಾ!"

ಸುತ್ತ ಡೋಲು, ಕೂಗು, ಶಿಳ್ಳೆ. ಅವನು ಊದಿದ ಕೈಯನ್ನು ಕಿವಿಗೆ ಅಡ್ಡ ಹಿಡಿದ. ತುಟಿಯ ತುದಿ ಮಾತ್ರ ಎಲ್ಲ ಕೇಳಿಸಿದೆಯೆಂದು ಹೇಳುತ್ತಿತ್ತು.

"ಏನಂದೆ? ಇನ್ನೊಂದ್ಸಲ ಹೇಳು."

"ಇದು ಟಿವಿ ಅಲ್ಲ," ಎಂದೆ. ಆ ಕೈಯನ್ನು ಎಳೆದು ನನ್ನೆರಡು ಕೈಗಳ ನಡುವೆ ಇಟ್ಟುಕೊಂಡು, ಉಳಿದ ಹನ್ನೊಂದು ನಿಮಿಷ ರೆಪ್ಪೆ ಬಡಿಯದೆ ಆಟ ನೋಡಿದೆ.